ಬೆಂಚಿನ ಕೆಳಗಿನ ಬಣ್ಣ

ಬಣ್ಣದ ಅಂಗಡಿಯವನನ್ನು ಪೇಟೆಯವರು ಕರೆಯುತ್ತಿದ್ದದ್ದೇ ಅಂದಾಜಪ್ಪ ಎಂದು. ಗಿರಾಕಿ ಗೋಡೆಯ ಉದ್ದಗಲ ಹೇಳಿ ಮುಗಿಸುವುದರೊಳಗೆ ಇವನು ಅಂದಾಜಿನಲ್ಲೇ ಬೇಕಾದಷ್ಟು ಡಬ್ಬಿ ಕೆಳಗಿಳಿಸಿ ಧೂಳು ಒರೆಸುತ್ತಿರುತ್ತಿದ್ದ. ಮರಕ್ಕೆ ಹಚ್ಚುವ ಸ್ಟೇನ್ ಕೇಳಿಕೊಂಡು ಬಂದವರಿಗಂತೂ ಪುಕ್ಕಟೆ ಪಾಠ.

"ಶೇಡ್ ಕಾರ್ಡ್ ನೋಡಿ ಮರುಳಾಗ್ಬೇಡಿ ಸ್ವಾಮಿ. ಇದು ಪೇಂಟ್ ಅಲ್ಲ, ಮೇಲೆ ಕೂರಲ್ಲ, ಒಳಗಿಳಿಯುತ್ತೆ. ಎಲ್ಲರ ಕಣ್ಣಿಗೆ ಬೀಳೋ ಹಲಗೆ ಮೇಲೇ ಒಂದು ಗೆರೆ ಎಳೆದು, ಒಣಗಿಸಿ ನೋಡಿ. ಆಮೇಲೆ ನನ್ನ ಹತ್ರ ಬಂದು ಅಳ್ಬೇಡಿ."

ಇಷ್ಟು ಹೇಳದೆ ಒಂದು ಡಬ್ಬಿಯನ್ನೂ ಅವನು ಮಾರಿದ್ದಿಲ್ಲ.

ಇಂಥವನನ್ನು ಮಗಳ ಅತ್ತೆ ಕರೆಸಿಕೊಂಡರು. ಅವರ ಮನೆಯ ಹಿಂದೆ ಮರದ ಹಲಗೆ ಜೋಡಿಸಿ ಜಗಲಿಯಂತೆ ಕಟ್ಟಿದ ದೊಡ್ಡ ಡೆಕ್ ಇತ್ತು; ಬಿಸಿಲಿಗೂ ಮಳೆಗೂ ಮೈಯೊಡ್ಡಿ ಬೂದಿ ಬಣ್ಣಕ್ಕೆ ತಿರುಗಿತ್ತು. ಭಾನುವಾರ ಅವರ ತಮ್ಮನ ಸಂಸಾರ ಬರುವುದಿತ್ತು, ಅಷ್ಟರಲ್ಲಿ ಅದು ಜೇನಿನ ಹಾಗೆ ಹೊಳೆಯಬೇಕು. "ಹೊರಗಿನವರು ಯಾಕತ್ತೆ, ಅಪ್ಪ ಇದಾರಲ್ಲ" ಎಂದಿದ್ದಳು ಮಗಳು. ಪರದೆಯ ಬಟ್ಟೆಯಿಂದ ಹಿಡಿದು ಅಡುಗೆಯ ಉಪ್ಪಿನವರೆಗೆ ಅತ್ತೆಯದೇ ಕೊನೆಯ ಮಾತಾಗಿದ್ದ ಆ ಮನೆಯಲ್ಲಿ ಅವಳ ಮಾತು ನಡೆದದ್ದು ಅದೇ ಮೊದಲು. ಹಾಗಾಗಿ ಅಂದಾಜಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಬಣ್ಣ ಹಚ್ಚಲು ಇಸ್ತ್ರಿ ಅಂಗಿ ತೊಡುವವನು ಹೆಣ್ಣು ಕೊಟ್ಟ ಅಪ್ಪನೇ ಇರಬೇಕು.

ನಡುವಿನ ಹಲಗೆಯ ಮೇಲೆ ಗೆರೆ ಎಳೆಯಲು ಬಗ್ಗಿದ್ದೇ ತಡ, ಬೀಗಿತ್ತಿ ಹೌಹಾರಿದರು.

"ಅಯ್ಯೋ, ಅಲ್ಲಿ ಬೇಡ ಬೀಗರೇ! ಕಲೆ ಉಳಿದ್ರೆ? ಮೂಲೇಲಿರೋ ಆ ಬೆಂಚಿನ ಕೆಳಗೆ ಹಚ್ಚಿ ನೋಡಿ, ಯಾರಿಗೂ ಕಾಣಲ್ಲ."

ಬೆಂಚಿನ ಕೆಳಗಿನ ಹಲಗೆ ಬಿಸಿಲು ಕಂಡದ್ದೇ ಇಲ್ಲ, ಅದು ಹಿಡಿಯುವ ಬಣ್ಣವೇ ಬೇರೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಗಿರಾಕಿಯಾಗಿದ್ದರೆ ಅಲ್ಲೇ ನೀರಿಳಿಸುತ್ತಿದ್ದ. ಆದರೆ ಬಾಗಿಲಲ್ಲಿ ನಿಂತಿದ್ದ ಮಗಳು ಕಣ್ಣಲ್ಲೇ ಬೇಡಿಕೊಂಡಳು.

"ನೀವು ಹೇಳಿದ ಹಾಗೇ ಆಗ್ಲಿ ಅಕ್ಕಾ" ಎಂದ.

ಬೆಂಚಿನ ಕೆಳಗೆ ಸ್ಟೇನ್ ಒಣಗಿ ಅಪ್ಪಟ ಜೇನಾಯಿತು. "ಇದೇ, ಇದೇ!" ಎಂದರು ಬೀಗಿತ್ತಿ. ಅವನು ಡೆಕ್ ತೊಳೆದು, ಕೈ ಸೋಲುವಷ್ಟು ಉಜ್ಜಿದ. ಹಳೇ ಮರ ಎಷ್ಟು ಕುಡಿದೀತೋ ಎಂದು ಹೆದರಿ ತನ್ನ ಅಂದಾಜಿನ ಮೇಲೆ ಇನ್ನಷ್ಟು ಡಬ್ಬಿ ತಂದ. ಕಡಿಮೆ ಬೀಳದಂತೆ ನೋಡಿಕೊಳ್ಳುವುದು ಅವನ ಕೈಯಲ್ಲಿತ್ತು. ಬಣ್ಣ ಮರದ ಕೈಯಲ್ಲಿತ್ತು.

ಶನಿವಾರ ಹಚ್ಚತೊಡಗಿದ. ಬಾಯಾರಿದ ಹಲಗೆಗಳು ಗಟಗಟನೆ ಕುಡಿದವು. ಅರ್ಧ ಡೆಕ್ ಆಗುವ ಹೊತ್ತಿಗೆ ಮೊದಲ ಸಾಲು ಒಣಗಿತ್ತು. ಜೇನಿನ ಸುಳಿವೇ ಇಲ್ಲ. ಸೀದ ಬಾಣಲೆಯ ತಳ.

ಚಹಾ ತಂದ ಬೀಗಿತ್ತಿ ಲೋಟ ಕೈಯಲ್ಲೇ ಹಿಡಿದು ನಿಂತರು.

"ಇದೇನು ಬೀಗರೇ, ಅಲ್ಲೊಂದು ಬಣ್ಣ, ಇಲ್ಲೊಂದು ಬಣ್ಣ? ಅಂಗಡಿ ಇಟ್ಟವರು ನೀವು. ಗೊತ್ತಿರ್ಬೇಕಿತ್ತಲ್ಲ?"

ಗೊತ್ತಿತ್ತು. ಅದೇ ಸಂಕಟ.

ಮಗಳಿಗೆ ತಡೆಯಲಾಗಲಿಲ್ಲ. "ಅತ್ತೆ, ಬೆಂಚಿನ ಕೆಳಗೆ ಅಂತ ನೀವೇ..."

"ನೀನು ಸುಮ್ನಿರಮ್ಮ" ಎಂದ ಅಪ್ಪ. ಅವನು ಸಂಜೆ ಮನೆಗೆ ಹೋಗುವವನು. ಅವಳು ಇಲ್ಲೇ ಬಾಳುವವಳು. "ನನ್ನ ಅಂದಾಜು ತಪ್ಪಿತು ಅಕ್ಕಾ."

"ಹೋಗ್ಲಿ ಬಿಡಿ, ಆಗಿದ್ದಾಯ್ತು." ಬೀಗಿತ್ತಿ ಲೋಟ ಕೊಟ್ಟು, ಸೊಸೆಯ ಕಡೆ ತಿರುಗಿದರು. ದನಿ ಮೆತ್ತಗೇ ಇತ್ತು. "ಇನ್ಮೇಲೆ ಇಂಥದ್ದನ್ನೆಲ್ಲ ನಾನೇ ನೋಡ್ಕೋತೀನಮ್ಮ. ಆಯ್ತಾ?"

"ಆಯ್ತತ್ತೆ."

ಒಳಗಿಳಿದ ಸ್ಟೇನನ್ನು ಭಾನುವಾರದೊಳಗೆ ಹೊರಗೆಳೆಯುವ ಉಪಾಯ ಅವನ ಅಂಗಡಿಯಲ್ಲಿರಲಿಲ್ಲ. ನಡುವೆ ನಿಲ್ಲಿಸುವ ಹಾಗೂ ಇಲ್ಲ, ನಿಲ್ಲಿಸಿದಲ್ಲಿ ಪಟ್ಟೆ ಮೂಡುತ್ತದೆ. ಬೇಡದ ಬಣ್ಣಕ್ಕೇ ಮತ್ತೆ ಬ್ರಷ್ ಅದ್ದಿ, ಮಂಡಿಯೂರಿ ಮುಂದಿನ ಹಲಗೆಗೆ ಕೈ ಹಾಕಿದ.

ಮೂಲೆಗೆ ಬಂದಾಗ ಮಗಳು ಬಗ್ಗಿ ಕೇಳಿದಳು, "ಅಪ್ಪಾ, ಬೆಂಚು ಸರಿಸ್ಲಾ?"

"ಬೇಡಮ್ಮ" ಎಂದ. "ಅದು ಅಲ್ಲೇ ಇರ್ಲಿ."

ಕೆಳಗಿನ ಜೇನು ಬಣ್ಣವನ್ನು ಹಾಗೇ ಬಿಟ್ಟು, ಬೆಂಚಿನ ಸುತ್ತಲೂ ಹಚ್ಚಿಕೊಂಡು ಹೋದ.