ದಿವಾ ದಾಟಿದ ಮೇಲೆ

ನಮ್ಮ ಡೊಂಬಿವಲಿಗೆ ಹೋಗುವ ಲೋಕಲ್ ರೈಲಿನಲ್ಲಿ ನೀವು ಒಮ್ಮೆ ಕೂತು ನೋಡಬೇಕು. ಅದಕ್ಕೆ ಮೊದಲು ಬರುವ ದಿವಾ ಸ್ಟೇಷನ್ ದಾಟಿತೋ ಇಲ್ಲವೋ, ತೂಕಡಿಸುತ್ತಿದ್ದವರೆಲ್ಲ ದಡಬಡನೆ ಎದ್ದು, ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಬಾಗಿಲ ಕಡೆ ಸರಿಯುತ್ತಾರೆ. ಮುಂಚೆಯೇ ಏಳದಿದ್ದರೆ ಆ ನೂಕುನುಗ್ಗಲಲ್ಲಿ ಇಳಿಯಲು ಯಾರು ಬಿಡುತ್ತಾರೆ? ಇವತ್ತು ಭಾನುವಾರ, ಗಾಡಿ ಖಾಲಿ. ಆದರೂ ಪಕ್ಕದಲ್ಲಿ ಕೂತ ನಮ್ಮ ಮನೆಯವರು ಆಗಲೇ ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದಾರೆ.

ಜೀವಮಾನವಿಡೀ ಹೀಗೆ ಆಫೀಸಿಗೆ ಓಡಾಡಿದವರು ಇವರು. "ಗಾಡಿ ಏನು ನಮ್ಮನ್ನು ಹೊತ್ತುಕೊಂಡು ಓಡ್ತದಾ? ಕೂತ್ಕೊಳ್ಳಿ ಮಾರಾಯ್ರೆ" ಎಂದು ಜೊತೆಗೆ ಹೋದಾಗಲೆಲ್ಲ ನಾನು ಅಂಗಿ ಹಿಡಿದು ಎಳೆಯುತ್ತಿದ್ದೆ. ಇಂಥ ಮನುಷ್ಯ ಒಮ್ಮೆ ನ್ಯುಮೋನಿಯಾ ಬಂದು ಠಾಣೆಯ ಆಸ್ಪತ್ರೆಯ ಐಸಿಯುನಲ್ಲಿ ಕೊರಡಿನಂತೆ ಮಲಗಿಬಿಟ್ಟರು.

ಉಸಿರಾಟದ ಮೆಷಿನ್ ತೆಗೆದ ಮರುದಿನವೇ ಫಿಸಿಯೋಥೆರಪಿಯ ಹುಡುಗಿ ಸ್ವಪ್ನಾಲಿ ಬಂದು, ಇವರನ್ನು ಎಬ್ಬಿಸಿ ನಿಲ್ಲಿಸಬೇಕು ಎಂದಳು. ಬೇಡವೇ ಬೇಡ ಎಂದೆ. ನೆಗಡಿಯಾದರೂ ಕಂಬಳಿ ಹೊದಿಸಿ ಮಲಗಿಸುವ ಉಡುಪಿಯವರು ನಾವು! ಮಲಗಿದಷ್ಟೂ ಕಾಲಿನ ಶಕ್ತಿ ಇಳಿಯುತ್ತದೆ, ಕಫ ಕಟ್ಟಿ ಮತ್ತೆ ಮೆಷಿನ್ನಿಗೇ ಹೋಗಬೇಕಾದೀತು ಎಂದು ಡಾಕ್ಟರು ಬಿಡಿಸಿ ಹೇಳಿದ ಮೇಲೆ ಒಪ್ಪಿಕೊಂಡೆ.

ಆದರೆ ಇವರು ಏಳಬೇಕಲ್ಲ! "ಕಾಕಾ, ಉಠಾ ನಾ" ಎಂದು ಅವಳು ಮರಾಠಿಯಲ್ಲಿ ಏಳಲು ಗೋಗರೆದಳು. ಇವರು ಕಣ್ಣು ಮುಚ್ಚಿಕೊಂಡೇ "ನಾಳೆ" ಎಂದರು. ಮರುದಿನವೂ "ನಾಳೆ". ನಾನು ಕಾಫಿಯ ಆಸೆ ತೋರಿಸಿದೆ, ದೇವರ ಆಣೆ ಹಾಕಿದೆ. ಊಹೂಂ. ಕೊನೆಗೆ ರೇಗಿಹೋಗಿ, ಎಲ್ಲಿದ್ದೇನೆ ಎನ್ನುವುದನ್ನೂ ಮರೆತು ಕೂಗಿಬಿಟ್ಟೆ: "ರೀ, ದಿವಾ ಹೋಯ್ತು! ಡೊಂಬಿವಲಿ ಬಂತು, ಏಳಿ!"

ಕಣ್ಣು ತೆರೆಯಿತು. ನೀವು ನಂಬುತ್ತೀರೋ ಇಲ್ಲವೋ, ಕಾಲು ತಾನಾಗಿಯೇ ಮಂಚದ ಅಂಚಿಗೆ ಸರಿಯಿತು! ಸ್ವಪ್ನಾಲಿ ಹಾರಿ ಬಂದು ಒಂದು ತೋಳು ಹಿಡಿದಳು; ಸಿಸ್ಟರ್ ಆಕ್ಸಿಜನ್ ನಳಿಕೆ ಸರಿಪಡಿಸಿ ಇನ್ನೊಂದು ಹಿಡಿದರು. ಕೂತರು. ಏದುಸಿರಿನ ನಡುವೆ ತುಟಿ ಅಲುಗಿತು. ಬಾಗಿ ಕಿವಿಗೊಟ್ಟೆ.

"ಬ್ಯಾಗ್ ಎಲ್ಲಿ?"

ನನ್ನ ವ್ಯಾನಿಟಿ ಬ್ಯಾಗನ್ನೇ ಅವರ ಎದೆಗೆ ಒತ್ತಿದೆ. ಅದನ್ನು ಅಪ್ಪಿಕೊಂಡು ಇವರು ಎದ್ದು ನಿಂತರು! ಮೊಣಕಾಲು ಗಡಗಡ ನಡುಗುತ್ತಿತ್ತು, ಆದರೂ ನಿಂತರು. ನಾನು ಅತ್ತೆನೋ ನಕ್ಕೆನೋ ಕೇಳಬೇಡಿ. ಡೊಂಬಿವಲಿಗೂ ಆಚೆಯ ಟಿಟ್ವಾಳಾದಿಂದ ದಿನಾ ಲೋಕಲಿನಲ್ಲೇ ಬರುವ ಸ್ವಪ್ನಾಲಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. "ಸಾವಕಾಶ್ ಕಾಕಾ, ಗರ್ದಿ ನಾಹೀ" ಎಂದು, ನೂಕುನುಗ್ಗಲಿಲ್ಲ, ನಿಧಾನವಾಗಿ ಇಳಿಯಿರಿ ಎನ್ನುವಂತೆ ನಕ್ಕಳು. ಆಮೇಲೆ ನಿತ್ಯವೂ ಅದೇ ಕೂಗು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಾಗಿಲಿಗೆ.

ಈಗ ಸ್ಟೇಷನ್ ಇನ್ನೂ ದೂರವಿದೆ. ಇವರು ಎದ್ದಾಗಿದೆ. ನಾನು ಅಂಗಿ ಎಳೆಯಲಿಲ್ಲ. ನನ್ನ ಬ್ಯಾಗನ್ನು ಅವರ ಕೈಗೆ ಕೊಟ್ಟು, ನಾನೂ ಎದ್ದೆ.