ಡ್ಯಾಮಿನ ಟ್ರಾಲಿ ದಾರಿ

ದೆವ್ವ, ಗಾಳಿ, ಸೋಂಕು ಎಂದರೆ ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ, ಆದರೆ ನಗುವುದನ್ನು ಬಿಟ್ಟಿದ್ದೇನೆ. ಅಂದೋಲಾ ಕಡೆಯ ನಮ್ಮ ಮನೆಯಲ್ಲಿ ಲಿಂಗಪೂಜೆಯೊಂದು ಬಿಟ್ಟರೆ ನಿಂಬೆಹಣ್ಣು, ತಾಯಿತ ಯಾವುದಕ್ಕೂ ಜಾಗವಿರಲಿಲ್ಲ. ಆಮೇಲೆ ನರ್ಸ್ ತರಬೇತಿಯಾಯಿತು, ಬಾಯಿ ಇನ್ನಷ್ಟು ಜೋರಾಯಿತು. ಹಳ್ಳಿಯ ಹೆಂಗಸರು ಗಾಳಿ ಬಡಿದಿದೆ ಎಂದರೆ, ಆ ಗಾಳಿಯನ್ನು ನನ್ನ ಹತ್ತಿರ ಕಳಿಸಿ, ಒಂದು ಸೂಜಿ ಚುಚ್ಚಿ ಕಳಿಸುತ್ತೇನೆ ಎನ್ನುತ್ತಿದ್ದೆ. ಓದುವವರು ನನ್ನ ಈ ಸ್ವಭಾವವನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಎಂಬತ್ತರ ದಶಕದಲ್ಲಿ ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ಹತ್ತಿರದಲ್ಲೇ ಗುಡ್ಡಗಳ ನಡುವೆ ಒಂದು ಹೊಸ ಡ್ಯಾಮು. ಅದನ್ನು ಕಟ್ಟುವಾಗ ಕಲ್ಲು ಸಾಗಿಸಲು ಸಣ್ಣ ಹಳಿ ಹಾಕಿ ಟ್ರಾಲಿ ಓಡಿಸಿದ್ದರು. ಕೆಲಸ ಮುಗಿದ ಮೇಲೆ ಹಳಿ ಕಿತ್ತೊಯ್ದರು, ನೀರಿನ ಬದಿಗುಂಟ ಸಮತಟ್ಟಾದ ದಾರಿ ಉಳಿಯಿತು. ಮುಳುಗಡೆಯಾದ ಊರಿನವರನ್ನು ಆಚೆ ದಂಡೆಯ ಕಾಲೊನಿಗೆ ಸಾಗಿಸಿದ್ದರು. ವಾರಕ್ಕೊಮ್ಮೆ ನಾನು ಸೈಕಲ್ ಏರಿ ಟ್ರಾಲಿ ದಾರಿಯಿಂದ ಅಲ್ಲಿಗೆ ಹೋಗಿ, ಡ್ಯಾಮಿನ ಗೋಡೆಯ ಮೇಲಿಂದ ತಿರುಗಿ ಬರುತ್ತಿದ್ದೆ. ಒಂದು ಪೂರ್ತಿ ಸುತ್ತು. ಎಡಕ್ಕೆ ಗುಡ್ಡ, ಬಲಕ್ಕೆ ನೀರು, ನಡುವೆ ಏರಿಳಿತವಿಲ್ಲದ ದಾರಿ. ನಿಜ ಹೇಳಬೇಕೆಂದರೆ ಆ ನೌಕರಿಯಲ್ಲಿ ನನಗೆ ತುಂಬ ಹಿಡಿಸಿದ್ದು ಆ ಸೈಕಲ್ ಸವಾರಿಯೇ.

ದಾರಿಯಲ್ಲಿ ಒಂದು ಕಡೆ ತುಕ್ಕು ಹಿಡಿದ ಟ್ರಾಲಿಯೊಂದು ಮಗುಚಿ ಬಿದ್ದಿತ್ತು. ಅದರ ನೇರಕ್ಕೆ ನೀರಿನಡಿ ಹಳೆಯ ಊರಿನ ಸ್ಮಶಾನ. ನಮ್ಮಲ್ಲಿ ಸತ್ತವರನ್ನು ಮಲಗಿಸದೆ, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಊರು ಸಾಗಿಸಿದವರು ಕೂತವರನ್ನು ಎಬ್ಬಿಸಲಿಲ್ಲ. ಹಾಗಾಗಿ ಕಾಲೊನಿಯವರು ಅಲ್ಲಿ ಸೈಕಲ್ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ದಾಟುತ್ತಿದ್ದರು. "ನಮ್ಮ ಹಿರ್ಯಾರು ಕುಂತಾರ್ರಿ ಅಲ್ಲಿ, ಇಳದು ಹೋಗ್ರಿ ಬಾಯೋರ" ಎಂದು ಕಾಲೊನಿಯ ಗುರಬಸಮ್ಮ ನನಗೂ ಹೇಳಿದ್ದಳು. ನರ್ಸನ್ನು ಅವರು ಕರೆಯುವುದೇ ಬಾಯೋರು ಎಂದು. ನಾನು ಒಂದು ದಿನವೂ ಇಳಿದವಳಲ್ಲ.

ಈ ಗುರಬಸಮ್ಮನ ಮಗಳು ನೀಲಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ವಾರ ಪರೀಕ್ಷಿಸಿದಾಗ ಕೂಸು ತಿರುಗಿರಲಿಲ್ಲ, ಕಾಲು ಕೆಳಗಿದ್ದವು. ದಿನ ತುಂಬುವ ಮೊದಲೇ ಆಳಂದದ ದವಾಖಾನೆಗೆ ಸೇರಿಸಿ ಎಂದು ಗದರಿಸಿ ಬಂದಿದ್ದೆ. ಅಷ್ಟರಲ್ಲಿ ಒಂದು ಮಧ್ಯಾಹ್ನ ಅವಳ ಅಣ್ಣ ಬಂದು ಹೆರಿಗೆಯ ಬ್ಯಾನಿ ಶುರುವಾಗಿದೆ ಎಂದ. ಅವನನ್ನು ಜೀಪು ತರಲು ಆಳಂದಕ್ಕೆ ಅಟ್ಟಿ, ಹೆರಿಗೆಯ ಚೀಲ ಕ್ಯಾರಿಯರಿಗೆ ಕಟ್ಟಿಕೊಂಡು ನಾನು ಹೊರಟೆ. ಮೂರು ಗಂಟೆಯಿರಬೇಕು. ಅರ್ಧ ತಾಸಿನ ದಾರಿ.

ಮಗುಚಿದ ಟ್ರಾಲಿ ದಾಟಿದೆ. ಹತ್ತು ನಿಮಿಷ ತುಳಿದಿರಬಹುದು, ಮುಂದೆ ಮತ್ತೊಂದು ಟ್ರಾಲಿ ಕಂಡಿತು. ಇಷ್ಟು ದಿನ ಇದನ್ನು ಗಮನಿಸಿರಲಿಲ್ಲವಲ್ಲ ಎಂದುಕೊಂಡು ಮುಂದೆ ಹೋದೆ. ಮೂರನೆಯದು ಕಂಡಾಗ ಇಳಿದು, ಅದರ ಗಾಲಿಗೆ ನನ್ನ ಕರ್ಚೀಫು ಕಟ್ಟಿದೆ. ಮತ್ತೆ ತುಳಿದೆ. ಆ ದಾರಿ ಎಲ್ಲೂ ಕವಲೊಡೆಯುವುದಿಲ್ಲ, ತಪ್ಪಬೇಕೆಂದರೂ ತಪ್ಪಲಾಗದು. ಕರ್ಚೀಫು ಕಟ್ಟಿದ ಗಾಲಿ ಎದುರಿಗೆ ಬಂತು.

ತಿರುಗಿಸಿ ಬಂದ ದಿಕ್ಕಿಗೇ ತುಳಿದೆ, ಅದೇ ಕರ್ಚೀಫು. ಸೈಕಲ್ ಕೆಡವಿ ಗುಡ್ಡ ಹತ್ತಿದೆ. ಮೇಲಿನಿಂದ ಕಾಲೊನಿಯ ತಗಡಿನ ಮನೆಗಳು ಸ್ಪಷ್ಟವಾಗಿ ಕಂಡವು, ಅಲ್ಲಿ ನಾಯಿ ಬೊಗಳಿದ್ದೂ ಕೇಳಿಸಿತು. ಆ ಕಡೆಗೇ ಇಳಿದೆ. ಕೆಳಗೆ ಬಿದ್ದಿದ್ದುದು ನನ್ನ ಸೈಕಲ್ಲು. ಕೂಗಿದೆ, ಯಾರೂ ಓಗೊಡಲಿಲ್ಲ. ಸುತ್ತ ಬಯಲು, ಎದುರಿಗೆ ಅಷ್ಟು ಅಗಲದ ನೀರು, ಆದರೂ ಬಾಗಿಲಿಲ್ಲದ ಕೋಣೆಯಲ್ಲಿ ಕೂಡಿಹಾಕಿದಂತಿತ್ತು. ಕಾಲು ಮೊದಲು ಬಂದು ತಲೆ ಸಿಕ್ಕಿಕೊಂಡರೆ ಕೂಸು ಎಷ್ಟು ಹೊತ್ತು ಬದುಕಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಸುತ್ತಿನಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ, ನಾನಿಲ್ಲಿ ಸಿಕ್ಕಿಬಿದ್ದಿದ್ದೆ. ಟ್ರಾಲಿಯ ಪಕ್ಕ ಕೂತು ಅತ್ತುಬಿಟ್ಟೆ.

ಬಿಸಿಲು ಇಳಿದ ಮೇಲೆ ಎದ್ದೆ. ಸೈಕಲ್ ಹತ್ತುವ ತ್ರಾಣವಿರಲಿಲ್ಲ. ತಳ್ಳಿಕೊಂಡು ನೆಲ ನೋಡುತ್ತ ನಡೆದೆ. ತಲೆಯೆತ್ತಿದಾಗ ಕಾಲೊನಿಯ ಬೋರಿನ ಹತ್ತಿರ ಇದ್ದೆ. ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು.

ಗುರಬಸಮ್ಮ ಬಾಗಿಲಲ್ಲೇ ಇದ್ದಳು. ನನ್ನನ್ನು ಕಂಡು ಅಚ್ಚರಿಯಿಂದ ಕೇಳಿದಳು: "ಮತ್ಯಾಕ ಬಂದ್ರಿ ಬಾಯೋರ? ಏನರೆ ಬಿಟ್ಟು ಹೋಗೀರೇನ್ರಿ?"

ಒಳಗೆ ನೀಲಮ್ಮ ಮಲಗಿದ್ದಳು, ಮಗ್ಗುಲಲ್ಲಿ ಹೆಣ್ಣು ಕೂಸು. ಜೀಪು ತರಲು ಹೋದ ಅಣ್ಣ ಇನ್ನೂ ಬಂದಿರಲಿಲ್ಲ. ಹೊಕ್ಕುಳಬಳ್ಳಿಯನ್ನು ಅಚ್ಚುಕಟ್ಟಾಗಿ ಕತ್ತರಿಸಿ ಕಟ್ಟಲಾಗಿತ್ತು. ನಾನು ಮಾಡಿಸಿದ್ದರೂ ಅದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ನಾನು ಬಂದೆನಂತೆ. ಹೆಚ್ಚು ಮಾತಾಡಲಿಲ್ಲವಂತೆ. ಕಾಲಿನಿಂದ ಬಂದ ಕೂಸನ್ನು ಹಗುರವಾಗಿ ಇಳಿಸಿಕೊಂಡು, ಕೈ ತೊಳೆದು, ಚಹಾ ಕೂಡ ಕುಡಿಯದೆ ಹೋದೆನಂತೆ. ನನ್ನ ಹೆರಿಗೆಯ ಚೀಲಕ್ಕೆ ಹಾಕಿದ ಗಂಟು ಹಾಗೇ ಇತ್ತು.

ಅದು ನಾನಲ್ಲ ಎಂದು ಹೇಳಬೇಕಿತ್ತು. ಹಸಿ ಬಾಣಂತಿ ಹೆದರಿಕೊಂಡಾಳು ಎಂದು ಸುಮ್ಮನಾದೆ. ನೌಕರಿಯ ಭಯವೂ ಇತ್ತು, ಮುಚ್ಚಿಡುವುದಿಲ್ಲ. ರಿಜಿಸ್ಟರಿನಲ್ಲಿ ಹೆರಿಗೆ ಮಾಡಿಸಿದವರು ಯಾರು ಎಂಬ ಕಾಲಂ ಇತ್ತು. ಮೂರು ದಿನ ಖಾಲಿ ಬಿಟ್ಟು ಕೊನೆಗೆ ನನ್ನ ಹೆಸರು ಬರೆದೆ. ಆಮೇಲೆ ಹೊರಬರಲು ದಾರಿಯೇ ಉಳಿಯಲಿಲ್ಲ. ಕೂಸಿಗೆ ನನ್ನ ಹೆಸರನ್ನೇ ಇಟ್ಟರು. ಹೋದಾಗಲೆಲ್ಲ ಹೋಳಿಗೆ ಊಟ, ಕುಬಸ ಹೊಲಿಸಲು ಕಣದ ಬಟ್ಟೆ. ಬೇರೆ ಯಾರದೋ ತಾಟಿನಲ್ಲಿ ಉಣ್ಣುತ್ತಿದ್ದೇನೆ ಅನಿಸುತ್ತಿತ್ತು.

ನನಗೆ ಪರಿಚಯವಿದ್ದ ಡಾಕ್ಟರೊಬ್ಬರಿಗೆ ಇದನ್ನು ಹೇಳಿದೆ. ಹೆರಿಗೆ ಮಾಡಿಸಿ ಹೊರಬಂದು ಬಿಸಿಲಿಗೆ ತಲೆ ತಿರುಗಿ ಬಿದ್ದಿರುತ್ತೀ, ಅದೇ ಮರೆತುಹೋಗಿದೆ ಎಂದರು. ಹಾಗಾದರೆ ಚೀಲ ಬಿಚ್ಚದೆ ಬಳ್ಳಿ ಕತ್ತರಿಸಿದ್ದು ಹೇಗೆ? ಹಿರಿಯರ ಎದುರು ಸೈಕಲ್ ಮೇಲೆ ಹೋಗಿದ್ದಕ್ಕೆ ಹೀಗಾಯಿತೇ ಎಂದೂ ಯೋಚಿಸಿದ್ದೇನೆ. ನೂರು ಸಲ ಹಾಗೇ ಹೋಗಿದ್ದೆ, ಅಲ್ಲಿ ಇಳಿದದ್ದೇ ಆ ದಿನ. ಅಲ್ಲದೆ, ಸಿಟ್ಟಾದವರು ಕೂಸನ್ನು ಉಳಿಸಿದ್ದೇಕೆ? ಯಾವ ವಿವರಣೆ ಹಿಡಿದರೂ ಒಂದು ತುದಿ ಜಾರಿ ಹೋಗುತ್ತದೆ.

ನಾಲ್ಕು ವರ್ಷಗಳ ಮೇಲೆ ನೀಲಮ್ಮ ಎರಡನೆಯ ಹೆರಿಗೆಗೂ ತವರಿಗೇ ಬಂದಳು, ಬಾಯೋರೇ ಬೇಕೆಂದು ಹಟ ಹಿಡಿದಳು. ನಾನು ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ ಅವರ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಬ್ಯಾನಿ ಬಲವಾದಾಗ ಅವಳ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಅವಳು ಕಣ್ಣು ತೆರೆದು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ನೀವ್ ಬ್ಯಾಡ್ರಿ ಬಾಯೋರ" ಎಂದಳು. "ಅವತ್ತ ಬಂದಿದ್ದಾಕಿಗಿ ಕರೀರಿ."

ನೋವಿನಲ್ಲಿ ಏನೋ ಬಡಬಡಿಸುತ್ತಿದ್ದಾಳೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು ಗುರಬಸಮ್ಮ. ನೀಲಮ್ಮ ನನ್ನ ಕೈ ಬಿಟ್ಟು ಬಾಗಿಲ ಕಡೆ ನೋಡತೊಡಗಿದಳು. ನಾನೂ ಅತ್ತಲೇ ನೋಡಿದೆ. ಎಲ್ಲಿಗೆ ಹೋಗಿ, ಯಾವ ಹೆಸರು ಹಿಡಿದು ಕರೆಯಬೇಕೆಂದು ಗೊತ್ತಿದ್ದರೆ ಆ ಕ್ಷಣವೇ ಆಕೆಯನ್ನು ಕರೆದು ತರುತ್ತಿದ್ದೆ.