ಬರಂಗಿಲ್ಲ

ಕುಷ್ಟಗಿಯ ಸಾಲಿಯಲ್ಲಿ ಮಕ್ಕಳು ಪರೀಕ್ಷೆಗೆ ಕೂತಾಗಿತ್ತು. ನಾನು ಟೈಪ್ ಮಾಡಿಕೊಟ್ಟಿದ್ದ ಪ್ರಶ್ನೆಪತ್ರಿಕೆ ಮಾತ್ರ ಇನ್ನೂ ಕೊಪ್ಪಳದಲ್ಲಿ, ನನ್ನ ಕಂಪ್ಯೂಟರಿನಲ್ಲಿತ್ತು. ಆ ಸಾಲಿಯಲ್ಲಿ ಟೀಚರಾಗಿದ್ದ ನಮ್ಮಕ್ಕ ಕುಷ್ಟಗಿಯ ಇಂಟರ್‌ನೆಟ್ ಸೆಂಟರಿನಲ್ಲಿ ಕಾಯುತ್ತಿದ್ದಳು. ಚಾಟ್‌ನಲ್ಲಿ ಫೈಲ್ ಕಳಿಸಿ ಫೋನ್ ಹಚ್ಚಿದೆ.

“ಫೈಲ್ ತಗೊಂಡ್ಯೇನಕ್ಕ?”

“ಬರಂಗಿಲ್ಲೋ ತಮ್ಮಾ.”

ಆ ಚಾಟ್‌ಗೆ ಹಿಡಿಶಾಪ ಹಾಕಿ, ಸೆಂಟರಿನವರಿಗೆ ಹೇಳಿ, ಎರಡೂ ಕಡೆ ಬೇರೆ ಚಾಟ್ ಸಾಫ್ಟ್‌ವೇರ್ ಹಾಕಿಸಿದೆ. ಇದು ಭಾಳ ಸರಳ ಅಂತ ಎಲ್ಲರೂ ಹೊಗಳುತ್ತಿದ್ದರು. ಮತ್ತೆ ಕಳಿಸಿದೆ.

“ಇದೂ ಬರಂಗಿಲ್ಲೋ.”

ಗಡಿಯಾರ ನೋಡಿದೆ. “ದರಿದ್ರ ಸಾಫ್ಟ್‌ವೇರ್! ಯಾಕ ಬರಂಗಿಲ್ಲ?” ಎಂದು ಚೀರಿದೆ.

ಅಕ್ಕನೂ ಚೀರಿದಳು: “ಫೈಲ್ ಎರಡೂ ಸಲ ಬಂದು ಕುಂತೈತೋ! ತಗೊಳ್ಳಾಕ ನನಗ ಬರಂಗಿಲ್ಲ. ಎಲ್ಲಿ ಒತ್ತಬೇಕಂತ ಒಮ್ಮೆರ ಹೇಳಿಯೇನು?”